ಕಾಫಿ ತೋಟಕ್ಕೆ ಮಿತ್ರಕೀಟ: ಯಾವ ಹುಳಕ್ಕೆ ನಂಬಬಹುದು, ಯಾವುದಕ್ಕೆ ನಂಬಿ ಕೂರಬಾರದು

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮದು ಎಂಟು ಎಕರೆ ತೋಟ. ಮೂರು ಎಕರೆ ಅರೇಬಿಕಾ, ಐದು ಎಕರೆ ರೊಬಸ್ಟಾ. ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ. ಎರಡು ವರ್ಷದಿಂದ ಮಾರ್ಚ್ ಬಂತೆಂದರೆ ರೊಬಸ್ಟಾ ಗೊಂಚಲಿಗೆಲ್ಲ ಬಿಳಿ ಹಿಟ್ಟು ತಿಗಣೆ. ಕಳೆದ ಸಲ ಅಂಗಡಿಯವರು ಹೇಳಿದ ಹಾಗೆ ಎರಡು ಔಷಧಿ ಬೆರೆಸಿ ಇಡೀ ತೋಟಕ್ಕೆ ಹೊಡೆಸಿದೆವು. ಹದಿನೈದು ದಿನ ತಗ್ಗಿತ್ತು, ಆಮೇಲೆ ಮೊದಲಿಗಿಂತ ಜಾಸ್ತಿಯಾಯಿತು. ಕಾಯಿ ಕೊರಕ ಇದೆ, ಅರೇಬಿಕಾದಲ್ಲಿ ಕಾಂಡ ಕೊರಕವೂ ಇದೆ. ಮಿತ್ರಕೀಟ ತಂದು ಬಿಟ್ಟರೆ ಈ ಮೂರಕ್ಕೂ ಆಗುತ್ತದೆಯೇ? ಎಷ್ಟು ಬಿಡಬೇಕು, ಯಾವಾಗ ಬಿಡಬೇಕು?

ಉತ್ತರ: ಮೂರಕ್ಕೂ ಆಗುವುದಿಲ್ಲ. ಹಿಟ್ಟು ತಿಗಣೆಗೆ ಚೆನ್ನಾಗಿ ಆಗುತ್ತದೆ, ಕಾಯಿ ಕೊರಕಕ್ಕೆ ಅಷ್ಟಿಷ್ಟು ಆಗುತ್ತದೆ, ಬಿಳಿ ಕಾಂಡ ಕೊರಕದ ವಿಷಯದಲ್ಲಿ ಮಿತ್ರಕೀಟವನ್ನು ನೆಚ್ಚಿಕೊಂಡರೆ ಗಿಡ ಕಳೆದುಕೊಳ್ಳುತ್ತೀರಿ. ಈ ವ್ಯತ್ಯಾಸಕ್ಕೆ ಕಾರಣ ಆಯಾ ಹುಳ ಇರುವ ಜಾಗ. ಹಿಟ್ಟು ತಿಗಣೆ ಗೊಂಚಲಿನ ಮೇಲೆ ಬಯಲಲ್ಲೇ ಕುಳಿತಿರುತ್ತದೆ, ಅದನ್ನು ತಿನ್ನುವವರಿಗೆ ದಾರಿ ತೆರೆದಿದೆ. ಕಾಯಿ ಕೊರಕ ಬೀಜದೊಳಗೆ ಇರುತ್ತದೆ, ಅದರ ಶತ್ರು ಒಂದೊಂದು ಕಾಯಿಯ ತೂತನ್ನೂ ಹುಡುಕಿ ಒಳಗೆ ಹೋಗಬೇಕು. ಕಾಂಡ ಕೊರಕದ ಮರಿ ಗಿಡದ ಗಟ್ಟಿ ಮರದೊಳಗೆ ಸುರಂಗ ಕೊರೆದು, ಹಿಂದಿನ ದಾರಿಯನ್ನು ತನ್ನದೇ ಹಿಕ್ಕೆ ಮತ್ತು ಮರದ ಪುಡಿಯಿಂದ ಗಿಡಿದು ಮುಚ್ಚಿಕೊಂಡು ಹೋಗುತ್ತದೆ. ಅಲ್ಲಿಗೆ ಯಾರೂ ಸುಲಭವಾಗಿ ಹೋಗಲಾರರು. ಔಷಧಿಯೂ ಅಷ್ಟೆ.

ಮೊದಲು ಹಿಟ್ಟು ತಿಗಣೆಯನ್ನೇ ನೋಡೋಣ. ನಿಮಗೆ ಈಗ ಕಾಡುತ್ತಿರುವುದೂ ಅದೇ, ಪರಿಹಾರ ಕೈಗೆಟುಕುವಷ್ಟು ಹತ್ತಿರ ಇರುವುದೂ ಅದಕ್ಕೇ.

ಔಷಧಿ ಹೊಡೆದ ಮೇಲೆ ಹೆಚ್ಚಾಗಿದ್ದು ಆಕಸ್ಮಿಕವಲ್ಲ. ತಿಗಣೆಯ ಮೈಮೇಲೆ ಮೇಣದ ಹಿಟ್ಟು ಇರುತ್ತದೆ. ಮೊಟ್ಟೆಗಳು ಹತ್ತಿಯಂಥ ಚೀಲದೊಳಗೆ, ಗೊಂಚಲಿನ ಸಂದಿಯಲ್ಲಿ ಇರುತ್ತವೆ. ಹೊಡೆದ ಔಷಧಿಯಲ್ಲಿ ಒಂದಷ್ಟು ತಿಗಣೆ ಸಾಯುತ್ತವೆ, ಮೊಟ್ಟೆಗಳು ಮಾತ್ರ ಉಳಿಯುತ್ತವೆ. ಒಂದು ಹೆಣ್ಣು ಕೆಲವು ನೂರು ಮೊಟ್ಟೆ ಇಡುತ್ತದೆ, ಬೇಸಿಗೆಯ ಬಿಸಿಗೆ ತಿಂಗಳೊಪ್ಪತ್ತಿನಲ್ಲಿ ಮುಂದಿನ ತಲೆಮಾರು ತಯಾರು. ಆದರೆ ತಿಗಣೆ ತಿನ್ನುವ ಗುಲಗಂಜಿ ಹುಳಗಳು, ಸಣ್ಣ ಕಣಜಗಳು ದಿನವಿಡೀ ಎಲೆ ರೆಂಬೆಗಳ ಮೇಲೆ ಓಡಾಡುವಂಥವು. ಬೆಳೆದ ಹುಳಕ್ಕೆ ಮೇಣದ ರಕ್ಷಣೆಯೂ ಇಲ್ಲ. ಹಾಗಾಗಿ ಔಷಧಿಗೆ ಮೊದಲು ಬಲಿಯಾಗುವುದು ಅವು, ಮರಳಿ ಬರುವುದೂ ತಡ. ನಡುವಿನ ಆ ಅವಧಿಯಲ್ಲಿ ತಿಗಣೆಗೆ ತಡೆಯೇ ಇರುವುದಿಲ್ಲ. ಜೊತೆಗೆ ಮಾರ್ಚ್-ಏಪ್ರಿಲ್ ಎಂದರೆ ಕಾಫಿ ಹೂವಿನ ಕಾಲ, ತೋಟದಲ್ಲಿ ತುಡುವೆ, ಹೆಜ್ಜೇನು ತುಂಬಿರುತ್ತವೆ. ರೊಬಸ್ಟಾ ಕಾಯಿ ಕಚ್ಚಲು ಬೇರೆ ಗಿಡದ ಪರಾಗ ಬೇಕೇ ಬೇಕು. ಆ ಹೊತ್ತಿನಲ್ಲಿ ಇಡೀ ತೋಟಕ್ಕೆ ಕೀಟನಾಶಕ ಹೊಡೆಸುವುದು ಎರಡು ಕಡೆಯಿಂದಲೂ ನಷ್ಟ.

ಮಿತ್ರಕೀಟ ತರಿಸುವ ಮುಂಚೆ ಇರುವೆಯ ಲೆಕ್ಕ ಮುಗಿಸಬೇಕು. ಇದನ್ನು ಬಿಟ್ಟು ಮುಂದೆ ಹೋದವರೇ "ಹುಳ ಬಿಟ್ಟೆ, ಏನೂ ಆಗಲಿಲ್ಲ" ಎನ್ನುವುದು. ತಿಗಣೆ ರಸ ಹೀರಿ ಸಿಹಿ ಅಂಟು ಹೊರಹಾಕುತ್ತದೆ, ಇರುವೆ ಅದನ್ನು ನೆಕ್ಕುತ್ತದೆ. ಅದಕ್ಕೆ ಪ್ರತಿಯಾಗಿ ಗುಲಗಂಜಿ ಹುಳದ ಮರಿಗಳನ್ನು ಕಚ್ಚಿ ಓಡಿಸುತ್ತದೆ, ಕಣಜಕ್ಕೆ ತಿಗಣೆಯೊಳಗೆ ಮೊಟ್ಟೆ ಇಡಲು ಪುರುಸೊತ್ತು ಕೊಡುವುದಿಲ್ಲ, ತಿಗಣೆ ಮರಿಗಳನ್ನು ಹೊಸ ರೆಂಬೆಗೆ ಸಾಗಿಸುವುದೂ ಉಂಟು. ಇರುವೆ ಸಾಲು ಹರಿಯುತ್ತಿರುವ ಗಿಡಕ್ಕೆ ದುಡ್ಡು ಕೊಟ್ಟು ತಂದ ಹುಳ ಬಿಟ್ಟರೆ ಇರುವೆಗೆ ಊಟ ಹಾಕಿದಂತೆ.

ಇರುವೆ ತಡೆಯುವ ಕ್ರಮ ಹೀಗೆ. ಫೆಬ್ರವರಿಯಲ್ಲೇ ತೋಟ ಸುತ್ತಿ ತಿಗಣೆ ಕಂಡ ಗಿಡಗಳಿಗೆ ಬಣ್ಣದ ಪಟ್ಟಿ ಕಟ್ಟಿಸಿ. ಆ ಗಿಡಗಳ ಬುಡದ ಕಳೆ ಸವರಿಸಿ. ನೆಲಕ್ಕೆ ತಾಗುವ ರೆಂಬೆ, ಪಕ್ಕದ ಗಿಡಕ್ಕೆ ಅಥವಾ ಹಾಲುವಾಣದ ಮರಕ್ಕೆ ತಾಗುವ ರೆಂಬೆ ತೆಗೆಸಿ. ಒಂದೇ ಒಂದು ಸೇತುವೆ ಉಳಿದರೂ ಕೆಲಸ ಕೆಟ್ಟಿತು. ಕಾಂಡಕ್ಕೆ ಮೂರು-ನಾಲ್ಕು ಇಂಚು ಅಗಲದ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಗ್ರೀಸ್ ಬಳಿಯಿರಿ. ಗ್ರೀಸನ್ನು ನೇರವಾಗಿ ತೊಗಟೆಗೆ ಹಚ್ಚಬೇಡಿ, ತೊಗಟೆ ಸುಡುತ್ತದೆ. ಹಾಳೆಯ ಕೆಳಗೆ ಸಂದಿ ಉಳಿದರೆ ಇರುವೆ ಅಲ್ಲಿಂದಲೇ ನುಸುಳುತ್ತದೆ, ಆದ್ದರಿಂದ ಕಾಂಡ ಗಂಟುಗಂಟಾಗಿರುವ ಕಡೆ ಬಿಟ್ಟು ನಯವಾದ ಕಡೆ ಕಟ್ಟಿ. ಧೂಳು, ತರಗು ಅಂಟಿದ ಮೇಲೆ ಗ್ರೀಸ್ ಕೆಲಸ ಮಾಡುವುದಿಲ್ಲ, ಹದಿನೈದು ದಿನಕ್ಕೊಮ್ಮೆ ನೋಡಿ ಮತ್ತೆ ಬಳಿಯಬೇಕು. ಮಳೆ ಹಿಡಿದ ಮೇಲೆ ಪಟ್ಟಿ ಬಿಚ್ಚಿಬಿಡಿ, ಇಲ್ಲದಿದ್ದರೆ ಒಳಗೆ ನೀರು ನಿಂತು ಕೊಳೆಯುತ್ತದೆ.

ಇಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಯ ಮಾತು ಬರುತ್ತದೆ. ಅದು ತಿಗಣೆ ಕಾಯುತ್ತದೆ ನಿಜ, ಎಲೆ ತಿನ್ನುವ ಹುಳಗಳನ್ನು ಬೇಟೆಯಾಡುವುದೂ ಅಷ್ಟೇ ನಿಜ. ತಿಗಣೆ ಇರುವ ತಾಕಿನ ಗೂಡು ಮಾತ್ರ ಇಳಿಸಿ, ಉಳಿದ ಕಡೆ ಬಿಟ್ಟುಬಿಡಿ. ತೋಟದ ಇರುವೆಯನ್ನೆಲ್ಲ ನಿರ್ನಾಮ ಮಾಡುವ ಅಗತ್ಯವಿಲ್ಲ, ಮಾಡಲೂ ಬಾರದು.

ಮುಂದಿನದು, ನಿಮ್ಮಲ್ಲಿರುವುದು ಯಾವ ತಿಗಣೆ ಎಂದು ಗುರುತಿಸುವುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಇದ್ದರೆ ಸಾಕು. ಮೈ ಉದ್ದುರುಟಾಗಿ, ಬೆನ್ನ ನಡುವೆ ತೆಳುವಾದ ಒಂದು ಗೆರೆ, ಅಂಚಿಗೆಲ್ಲ ಸಣ್ಣ ಎಳೆಗಳಿದ್ದರೆ ಅದು ಪ್ಲಾನೊಕೋಕಸ್ ಸಿಟ್ರಿ. ಹೆಚ್ಚು ದುಂಡಗೆ ಉಬ್ಬಿ, ಅಂಚಿನ ಎಳೆಗಳು ಗಿಡ್ಡವಾಗಿ ದಪ್ಪಗಿದ್ದು, ಹಿಟ್ಟು ಒರೆಸಿದರೆ ಒಳಗಿನ ಮೈ ಕೆನ್ನೀಲಿ ಬೆರೆತ ಕಂದಾಗಿದ್ದರೆ ಪ್ಲಾನೊಕೋಕಸ್ ಲೈಲಾಸಿನಸ್. ಹಿಂದುಗಡೆ ಎರಡು ಉದ್ದ ಬಾಲ, ಬೆನ್ನ ಮೇಲೆ ಎರಡು ಕಪ್ಪು ಪಟ್ಟೆ, ಮೈಯೆಲ್ಲ ಗಾಜಿನ ಕೂದಲಿನಂಥ ಎಳೆಗಳಿದ್ದರೆ ಫೆರಿಸಿಯಾ ವಿರ್ಗೇಟ. ಈ ಹೆಸರುಗಳು ಬೇಕಾಗಿರುವುದು ಪಾಂಡಿತ್ಯಕ್ಕಲ್ಲ. ಲೆಪ್ಟೊಮ್ಯಾಸ್ಟಿಕ್ಸ್ ಎಂಬ ಹಳದಿ-ಕಂದು ಬಣ್ಣದ ಪುಟ್ಟ ಕಣಜ ಸಿಟ್ರಿ ಜಾತಿಗೆ ಬಹಳ ಒಳ್ಳೆಯ ಶತ್ರು. 1983ರಲ್ಲಿ ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್‌ನಿಂದ ಇದನ್ನು ನಮ್ಮ ದೇಶಕ್ಕೆ ತಂದರು. ಆದರೆ ಲೈಲಾಸಿನಸ್ ಅಥವಾ ಫೆರಿಸಿಯಾ ತುಂಬಿದ ತಾಕಿಗೆ ಅದನ್ನು ಬಿಟ್ಟರೆ ಹಾಕಿದ ಹಣ ಹೋಯಿತು, ಅದು ಅವುಗಳ ತಂಟೆಗೇ ಹೋಗುವುದಿಲ್ಲ.

ಯಾವ ಜಾತಿಯಾದರೂ ತಿನ್ನುವುದು ಕ್ರಿಪ್ಟೊಲೇಮಸ್ ಎಂಬ ಗುಲಗಂಜಿ ಹುಳ. ನಾಲ್ಕು ಮಿಲಿಮೀಟರ್ ಉದ್ದ, ರೆಕ್ಕೆ ಕಪ್ಪು, ತಲೆ ಮತ್ತು ಹಿಂತುದಿ ಕಿತ್ತಳೆ. ಇದರ ಕತೆ ಕಾಫಿಗೇ ಅಂಟಿಕೊಂಡಿದೆ. 1898ರಲ್ಲಿ ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ಇದನ್ನು ತಂದದ್ದು ಕಾಫಿಯ ಹಸಿರು ತಿಗಣೆಗೆಂದು. ಆ ಕೆಲಸದಲ್ಲಿ ಸೋತಿತು, ಹಿಟ್ಟು ತಿಗಣೆಯ ಮೇಲೆ ನೆಲೆನಿಂತಿತು. ತಿಗಣೆಯ ಮೊಟ್ಟೆ ಚೀಲಗಳೊಳಗೇ ತನ್ನ ಮೊಟ್ಟೆ ಇಡುತ್ತದೆ, ಹಾಗಾಗಿ ಗೊಂಚಲು ತುಂಬ ಬಿಳಿ ಮೊಟ್ಟೆ ಚೀಲ ಇರುವ ಗಿಡದಲ್ಲಿ ಮಾತ್ರ ಚೆನ್ನಾಗಿ ಹೆಚ್ಚುತ್ತದೆ. ಅಲ್ಲೊಂದು ಇಲ್ಲೊಂದು ತಿಗಣೆ ಇರುವ ಕಡೆ ನಿಲ್ಲುವುದಿಲ್ಲ, ಹಾರಿಹೋಗುತ್ತದೆ. ಲೆಪ್ಟೊಮ್ಯಾಸ್ಟಿಕ್ಸ್‌ನ ಸ್ವಭಾವ ಇದಕ್ಕೆ ವಿರುದ್ಧ: ಚದುರಿದ ತಿಗಣೆಯನ್ನೂ ಹುಡುಕಿ ತಿವಿಯಬಲ್ಲದು. ಸಿಟ್ರಿ ಇದ್ದರೆ ಎರಡನ್ನೂ ಬಿಡುವುದು ಒಳ್ಳೆಯದು, ಉಳಿದೆರಡು ಜಾತಿಯಿದ್ದರೆ ಗುಲಗಂಜಿ ಹುಳ ಒಂದೇ ಸಾಕು.

ಬಿಡುವ ಪ್ರಮಾಣ: ತಿಗಣೆ ಇರುವ ಗಿಡಕ್ಕೆ ಮೂರರಿಂದ ಐದು ಗುಲಗಂಜಿ ಹುಳ. ಐದು ಎಕರೆಗೂ ಸಮನಾಗಿ ಹಂಚಬೇಡಿ. ಪಟ್ಟಿ ಕಟ್ಟಿದ ಗಿಡಗಳನ್ನು ಎಣಿಸಿ, ಅಷ್ಟಕ್ಕೆ ತರಿಸಿ. ಡಬ್ಬಿ ಬಂದ ದಿನವೇ, ಸಂಜೆ ನಾಲ್ಕರ ಮೇಲೆ, ಗೊಂಚಲಿನ ಹತ್ತಿರ ಬಿಡಬೇಕು. ಬಸ್ಸಿನ ಟಾಪ್ ಮೇಲೆ, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಲ್ಲಿಟ್ಟ ಡಬ್ಬಿಯಲ್ಲಿ ಜೀವ ಉಳಿದಿರುವುದಿಲ್ಲ. ಮೊದಲು ಔಷಧಿ ಹೊಡೆದಿದ್ದರೆ ಕನಿಷ್ಠ ಒಂದು ತಿಂಗಳು ಕಾಯಿರಿ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿ, ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ಮುಂಚಿತವಾಗಿ ವಿಚಾರಿಸಿ. ತಿಗಣೆ ಎದ್ದ ಮೇಲೆ ಹುಡುಕಲು ಹೊರಟರೆ ಹುಳ ಕೈಗೆ ಬರುವಾಗ ಮುಂಗಾರು ಬಂದಿರುತ್ತದೆ.

ಬಿಟ್ಟ ಎರಡು-ಮೂರು ವಾರಕ್ಕೆ ಗಿಡದಲ್ಲಿ ದೊಡ್ಡ ದೊಡ್ಡ "ಹಿಟ್ಟು ತಿಗಣೆ" ಕಾಣಿಸುತ್ತವೆ. ಇಲ್ಲಿ ಬಹಳ ಜನ ಎಡವುತ್ತಾರೆ. ಅವು ತಿಗಣೆಯಲ್ಲ, ಗುಲಗಂಜಿ ಹುಳದ ಮರಿಗಳು. ಮೈಮೇಲೆ ತಿಗಣೆಯಂಥದ್ದೇ ಬಿಳಿ ಮೇಣದ ಎಳೆಗಳಿರುತ್ತವೆ. ತಿಗಣೆ ಮೂರು-ನಾಲ್ಕು ಮಿಲಿಮೀಟರ್ ದಾಟುವುದಿಲ್ಲ, ಮುಟ್ಟಿದರೂ ಹೆಚ್ಚು ಅಲುಗುವುದಿಲ್ಲ. ಈ ಮರಿ ಒಂದು ಸೆಂಟಿಮೀಟರಿಗೂ ಮೀರಿ ಬೆಳೆಯುತ್ತದೆ, ಎಳೆಗಳು ಉದ್ದವಾಗಿ ಜೋಲುತ್ತವೆ, ಹುಲ್ಲುಕಡ್ಡಿಯಲ್ಲಿ ಮುಟ್ಟಿದರೆ ಸರಸರನೆ ನಡೆಯುತ್ತದೆ. "ತಿಗಣೆ ದೊಡ್ಡದಾಗಿದೆ" ಎಂದು ಗಾಬರಿಯಾಗಿ ಔಷಧಿ ಹೊಡೆದರೆ ತಂದ ಹುಳದ ಮಕ್ಕಳನ್ನೇ ಕೊಂದ ಹಾಗಾಯಿತು. ರೈಟರಿಗೂ (ತೋಟದ ಮೇಲ್ವಿಚಾರಕ) ಔಷಧಿ ಹೊಡೆಯುವವರಿಗೂ ಇದನ್ನು ಗಿಡದಲ್ಲೇ ತೋರಿಸಿ.

ಇನ್ನೊಬ್ಬ ಮಿತ್ರ ದುಡ್ಡಿಲ್ಲದೆ ಬರುವಂಥದು, ಸ್ಪಾಲ್ಗಿಸ್ ಎಂಬ ಸಣ್ಣ ಕಂದು ಚಿಟ್ಟೆ. ಇದರ ಕಂಬಳಿಹುಳ ಎಲೆ ತಿನ್ನುವುದಿಲ್ಲ, ತಿಗಣೆಯನ್ನೂ ಅದರ ಮೊಟ್ಟೆಯನ್ನೂ ತಿನ್ನುತ್ತದೆ. ತಿಗಣೆಯ ಹಿಟ್ಟನ್ನೇ ಮೈಗೆ ಹೊದ್ದು ಗುಂಪಿನ ನಡುವೆ ಇರುವುದರಿಂದ ಕಣ್ಣಿಗೆ ಬೀಳುವುದು ಕಷ್ಟ. ಇದರ ಕೋಶ ಮಾತ್ರ ಮರೆಯಲಾಗದಂಥದು: ಎಲೆಯ ಮೇಲೆ ಐದಾರು ಮಿಲಿಮೀಟರಿನ ಕೋತಿ ಮುಖ ಅಂಟಿಸಿದಂತೆ ಇರುತ್ತದೆ. ನಿಮ್ಮ ಗಿಡದಲ್ಲಿ ಈ ಕೋತಿ ಮುಖಗಳು ಕಂಡರೆ ಆ ತಾಕಿಗೆ ಕೈ ಹಚ್ಚಬೇಡಿ, ಹತ್ತು-ಹದಿನೈದು ದಿನ ನೋಡಿ.

ಕಾಯಲಾಗದಷ್ಟು ತೀವ್ರವಾಗಿದ್ದರೆ? ಆ ಗಿಡಗಳಿಗೆ ಮಾತ್ರ ಮೀನೆಣ್ಣೆ ರಾಳದ ಸೋಪು, ಲೀಟರಿಗೆ 25 ಗ್ರಾಂ, ಅಂದರೆ 200 ಲೀಟರ್ ಡ್ರಮ್ಮಿಗೆ 5 ಕೆ.ಜಿ. ಸೋಪು ಹುಳಕ್ಕೆ ತಾಗಿದರೆ ಮಾತ್ರ ಕೊಲ್ಲುತ್ತದೆ, ಆದ್ದರಿಂದ ಗೊಂಚಲಿನ ಸಂದಿಗೆ ರಭಸವಾಗಿ ಹೊಡೆಯಬೇಕು. ಸುಡುಬಿಸಿಲಿನಲ್ಲಿ ಬೇಡ, ಹೂ ಅರಳಿದಾಗ ಬೇಡ, ಮೊದಲು ನಾಲ್ಕು ಗಿಡಕ್ಕೆ ಹೊಡೆದು ಮೂರು ದಿನ ಎಲೆ ಸುಡುತ್ತದೆಯೇ ನೋಡಿ. ಒಣಗಿದ ಮೇಲೆ ಸೋಪಿನ ವಿಷ ಉಳಿಯುವುದಿಲ್ಲ, ವಾರ ಕಳೆದು ಹುಳ ಬಿಡಬಹುದು. ಹೂವಿಗೆ ಸ್ಪ್ರಿಂಕ್ಲರ್ ಕೊಡುವ ತೋಟವಾದರೆ ಆ ನೀರೇ ಒಂದಷ್ಟು ಮರಿ ತಿಗಣೆಯನ್ನು ತೊಳೆದುಬಿಡುತ್ತದೆ. ಒಳ್ಳೆಯ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ), ಅದರ ಹಿಂದೆ ಇನ್ನೊಂದು ಮಳೆ ಬಿದ್ದ ವರ್ಷ ತಿಗಣೆ ತಾನಾಗಿ ತಗ್ಗುವುದೂ ಇದೇ ಕಾರಣಕ್ಕೆ.

ಅಕ್ಕಪಕ್ಕದ ನಾಲ್ಕೈದು ತೋಟದವರು ಸೇರಿದರೆ ಗುಲಗಂಜಿ ಹುಳವನ್ನು ನೀವೇ ಸಾಕಬಹುದು. ತೊಟ್ಟು ಇರುವ, ಮೈಮೇಲೆ ಏಣು-ಕಣಿವೆ ಇರುವ, ಒಂದು ಕೆ.ಜಿ. ಆಸುಪಾಸಿನ ಬಲಿತ ಚೀನಿಕಾಯಿ ತೆಗೆದುಕೊಳ್ಳಿ. ತೊಳೆದು ನೆರಳಲ್ಲಿ ಒಣಗಿಸಿ, ಗಾಯವಿದ್ದ ಕಡೆ ಕರಗಿದ ಮೇಣ ಹಚ್ಚಿ; ಗಾಯದಿಂದಲೇ ಕೊಳೆ ಶುರುವಾಗುವುದು. ತೋಟದಿಂದ ತಿಗಣೆಯ ಮೊಟ್ಟೆ ಚೀಲ ತಂದು ಕಾಯಿಯ ಮೇಲಿಡಿ. ಹದಿನೈದು-ಇಪ್ಪತ್ತು ದಿನಕ್ಕೆ ಕಾಯಿ ಬೆಳ್ಳಗಾಗುತ್ತದೆ. ಆಗ ಒಂದಡಿ ಚೌಕದ, ಸಣ್ಣ ಬಲೆ ಹೊಡೆದ ಪೆಟ್ಟಿಗೆಯಲ್ಲಿಟ್ಟು ಗುಲಗಂಜಿ ಹುಳಗಳನ್ನು ಒಂದು ದಿನ ಬಿಟ್ಟು, ಮೊಟ್ಟೆ ಇಟ್ಟ ಮೇಲೆ ಮುಂದಿನ ಕಾಯಿಗೆ ವರ್ಗಾಯಿಸಿ. ತಿಂಗಳ ಹೊತ್ತಿಗೆ ಹೊಸ ಹುಳಗಳು ಹೊರಬರುತ್ತವೆ, ಚೆನ್ನಾಗಿ ತಿಗಣೆ ಹಿಡಿದ ಒಂದು ಕಾಯಿಯಿಂದ ನೂರಕ್ಕೂ ಮಿಕ್ಕಿ. ಪೆಟ್ಟಿಗೆ ಇಟ್ಟ ಮೇಜಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸಬೇಕು, ಇಲ್ಲದಿದ್ದರೆ ಒಂದೇ ರಾತ್ರಿಗೆ ಇರುವೆ ಎಲ್ಲ ಮುಗಿಸುತ್ತದೆ. ಮಾರ್ಚ್‌ಗೆ ಹುಳ ಬೇಕೆಂದರೆ ಡಿಸೆಂಬರ್ ಕೊನೆಗೆ ಕಾಯಿಗೆ ತಿಗಣೆ ಹತ್ತಿಸಿರಬೇಕು. ಮಳೆಗಾಲದಲ್ಲಿ ತಿಗಣೆ ಕಡಿಮೆಯಾದಾಗ ಗುಲಗಂಜಿ ಹುಳವೂ ತೋಟದಲ್ಲಿ ವಿರಳವಾಗುತ್ತದೆ, ಹಾಗಾಗಿ ಒಮ್ಮೆ ಬಿಟ್ಟರೆ ಶಾಶ್ವತ ಎಂದುಕೊಳ್ಳಬೇಡಿ.

ನೀವು ಕೇಳದಿದ್ದರೂ ಹಸಿರು ತಿಗಣೆಯ ಬಗ್ಗೆ ಒಂದು ಮಾತು, ಏಕೆಂದರೆ ಅದು ಬೋರ್ಡೋಗೆ (ರೋಗ ತಡೆಯಲು ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣ) ಸಂಬಂಧಿಸಿದ್ದು. ಮಳೆಗಾಲದಲ್ಲಿ ಹಸಿರು ತಿಗಣೆಯ ಸುತ್ತ ಬಿಳಿ ಉಂಗುರದಂತೆ ಬೂಷ್ಟು ಬೆಳೆದು ತಿಗಣೆ ಸಾಯುವುದನ್ನು ಎಲೆಯ ಅಡಿಯಲ್ಲಿ ನೋಡಿರುತ್ತೀರಿ. ಅದು ಲೆಕಾನಿಸಿಲಿಯಂ ಎಂಬ ಶಿಲೀಂಧ್ರ, ಮಲೆನಾಡಿನ ಮಳೆಗೆ ತಾನಾಗಿ ಹಬ್ಬುತ್ತದೆ, ಎಲೆ ತುಕ್ಕು ರೋಗದ ಶಿಲೀಂಧ್ರದ ಮೇಲೂ ಬೆಳೆಯುತ್ತದೆ. ಬೋರ್ಡೋದ ತಾಮ್ರ ರೋಗದ ಶಿಲೀಂಧ್ರವನ್ನು ಕೊಲ್ಲುವಂತೆ ಇದನ್ನೂ ಕೊಲ್ಲುತ್ತದೆ. ಅರೇಬಿಕಾಕ್ಕೆ ಬೋರ್ಡೋ ಬೇಕೇ ಬೇಕು, ಬಿಡಿ ಎನ್ನುತ್ತಿಲ್ಲ. ರೋಗದ ಹಂಗಿಲ್ಲದ ರೊಬಸ್ಟಾ ತಾಕಿಗೆ "ಇರಲಿ" ಎಂದು ಹೊಡೆಸಬೇಡಿ.

ಈಗ ಕಾಯಿ ಕೊರಕ. ಆಫ್ರಿಕಾ ಮೂಲದ ಈ ಹುಳ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಎಳ್ಳುಕಾಳಿಗಿಂತ ಚಿಕ್ಕ ಕಪ್ಪು ಹೆಣ್ಣು ಹುಳ ಕಾಯಿಯ ಹೊಕ್ಕುಳಲ್ಲಿ ತೂತು ಕೊರೆದು ಒಳಹೋಗುತ್ತದೆ. ಗಂಡಿಗೆ ಹಾರಲು ಬರುವುದಿಲ್ಲ, ಹುಟ್ಟಿದ ಕಾಯಿಯಲ್ಲೇ ತನ್ನ ಅಕ್ಕತಂಗಿಯರನ್ನು ಕೂಡಿ ಅಲ್ಲೇ ಸಾಯುತ್ತದೆ. ಹಾಗಾಗಿ ಕಾಯಿಯಿಂದ ಹೊರಬರುವ ಪ್ರತಿ ಹೆಣ್ಣೂ ಮೊಟ್ಟೆ ಇಡಲು ಸಿದ್ಧವಾಗಿಯೇ ಬರುತ್ತದೆ. ಕುಯ್ಲಿನ ನಂತರ ಗಿಡದಲ್ಲೋ ನೆಲದಲ್ಲೋ ಉಳಿದ ಒಂದು ಒಣಕಾಯಿಯಲ್ಲಿ ಹತ್ತಾರು ಹೆಣ್ಣುಗಳು ಅಡಗಿ ಕೂತು, ಹೂಮಳೆಯ ತೇವ ತಾಗಿದೊಡನೆ ಹೊರಬೀಳುತ್ತವೆ. ಈ ಒಂದು ಸಂಗತಿ ಗೊತ್ತಿದ್ದರೆ ಏನು ಮಾಡಬೇಕೆಂಬುದು ತಾನೇ ಹೊಳೆಯುತ್ತದೆ: ಕಾಯಿ ಉಳಿಸಬಾರದು.

ಕುಯ್ಯುವಾಗ ಗಿಡದ ಬುಡಕ್ಕೆ ಟಾರ್ಪಾಲು ಹಾಸಿ. ಕುಯ್ಲು ಮುಗಿದ ತಾಕಿನಲ್ಲಿ ವಾರದೊಳಗೆ ಗಿಡದ ಉಳಿಕೆ, ನೆಲದ ಉದುರು ಕಾಯಿ ಎರಡನ್ನೂ ಆರಿಸಿಸಿ, ಹೂಮಳೆಗೆ ಮುಂಚೆ ಇನ್ನೊಂದು ಸುತ್ತು. ಕೊರೆದ ಕಾಯಿಗಳನ್ನು ಕಣಕ್ಕೆ ಹಾಕುವ ಮೊದಲು ಕುದಿಯುವ ನೀರಿನಲ್ಲಿ ಎರಡು-ಮೂರು ನಿಮಿಷ ಅದ್ದಿ ತೆಗೆಯಿರಿ, ಒಳಗಿನ ಹುಳ ಸಾಯುತ್ತದೆ. ನಿಮ್ಮಂತೆ ಎರಡೂ ಜಾತಿ ಇರುವ ತೋಟದಲ್ಲಿ ಅರೇಬಿಕಾ ಕುಯ್ಲು ಡಿಸೆಂಬರ್-ಜನವರಿಗೆ ಮುಗಿದಾಗ ಪಕ್ಕದ ರೊಬಸ್ಟಾ ಇನ್ನೂ ಹಣ್ಣಾಗುತ್ತಿರುತ್ತದೆ. ಅರೇಬಿಕಾದಲ್ಲಿ ಬಿಟ್ಟ ಕಾಯಿಯ ಹುಳಕ್ಕೆ ಬೇಲಿ ದಾಟಿದರೆ ಊಟ. ಆದ್ದರಿಂದ ಅರೇಬಿಕಾದ ಉದುರು ಆರಿಸುವುದನ್ನು ರೊಬಸ್ಟಾ ಕುಯ್ಲಿನ ನಂತರಕ್ಕೆ ತಳ್ಳಬೇಡಿ. ಆಳು ಸಿಗದ ಕಾಲ ಎಂಬುದು ಗೊತ್ತಿದೆ. ಸಿಗುವ ಆಳಿನಲ್ಲಿ ಮೊದಲ ಪಾಲು ಈ ಕೆಲಸಕ್ಕೆ ಹೋಗಲಿ.

ಒಣಗಿಸುವುದೂ ಕೀಟ ನಿಯಂತ್ರಣವೇ. ತೇವ ಪಾರ್ಚ್‌ಮೆಂಟಿನಲ್ಲಿ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಬೀಜ) ಶೇ. 10, ಅರೇಬಿಕಾ ಚೆರ್ರಿಯಲ್ಲಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಶೇ. 12, ರೊಬಸ್ಟಾ ಚೆರ್ರಿಯಲ್ಲಿ ಶೇ. 11ಕ್ಕೆ ಇಳಿದರೆ ಚೀಲದೊಳಗೆ ಹುಳ ಹೆಚ್ಚುವುದಿಲ್ಲ. ಅರೆಒಣಗಿದ ಚೀಲ ಗೋದಾಮಿನಲ್ಲಿದ್ದರೆ ಅದೇ ನಿಮ್ಮ ತೋಟದ ಹುಳದ ನರ್ಸರಿ. ಆಮಿಷದ ಬಲೆಗಳನ್ನು (ಮೆಥನಾಲ್-ಎಥನಾಲ್ ಮಿಶ್ರಣದವು) ಕಣ, ಪಲ್ಪರ್ ಮನೆ (ಹಣ್ಣಿನ ಸಿಪ್ಪೆ ಸುಲಿಯುವ ಜಾಗ), ಗೋದಾಮಿನ ಸುತ್ತ ಮತ್ತು ಕುಯ್ಲು ಮುಗಿದ ತಾಕಿನಲ್ಲಿ, ಎದೆಮಟ್ಟದಲ್ಲಿ ಕಟ್ಟಿ. ಗಿಡದಲ್ಲಿ ಕಾಯಿ ತುಂಬಿರುವಾಗ ಬಲೆಗಿಂತ ಕಾಯಿಯ ವಾಸನೆಯೇ ಹುಳಕ್ಕೆ ಹೆಚ್ಚು. ಮೆಥನಾಲ್ ಕುಡಿದರೆ ಕಣ್ಣು, ಪ್ರಾಣ ಎರಡೂ ಹೋಗುತ್ತದೆ, ಕ್ಯಾನನ್ನು ಬೀಗ ಹಾಕಿಡಿ.

ಇದಕ್ಕೆ ಮಿತ್ರರು ಯಾರು? ಒಂದು, ಸೆಫಲೊನೋಮಿಯ ಎಂಬ ಆಫ್ರಿಕಾ ಮೂಲದ ಕಣಜ, 1995ರಲ್ಲಿ ಮೆಕ್ಸಿಕೊದಿಂದ ಇಲ್ಲಿಗೆ ಬಂದದ್ದು. ಕೊರಕ ಮಾಡಿದ ತೂತಿನಲ್ಲೇ ನುಗ್ಗಿ ಮೊಟ್ಟೆ, ಸಣ್ಣ ಮರಿಗಳನ್ನು ತಿಂದು, ದೊಡ್ಡ ಮರಿಗಳ ಮೈಮೇಲೆ ತನ್ನ ಮೊಟ್ಟೆ ಇಡುತ್ತದೆ. ಸಾಹಸಿ ಕಣಜವೇ, ಆದರೆ ಒಂದು ಕಾಯಿಗೆ ಇಳಿದರೆ ಬಹಳ ದಿನ ಅಲ್ಲೇ ಇರುತ್ತದೆ. ಹತ್ತಿಪ್ಪತ್ತು ಸಾವಿರ ಕೊರೆದ ಕಾಯಿಗೆ ಅಷ್ಟೇ ಕಣಜ ಬೇಕು. ಮೇಲಾಗಿ ಅದು ಬದುಕುವುದು ಕೊರೆದ ಕಾಯಿಗಳಲ್ಲಿ, ನಾವು ಆರಿಸಿ ಕುದಿಸುವುದೂ ಅವನ್ನೇ. ಈ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಕಾಯಿ ಆರಿಸುವುದನ್ನೇ ಆರಿಸಿ. ಫೈಮಾಸ್ಟಿಕಸ್ ಎಂಬ ಇನ್ನೊಂದು ಪುಟ್ಟ ಕಣಜ, ತೂತು ಕೊರೆಯುತ್ತಿರುವ ಹುಳದ ಮೈಯೊಳಗೇ ಮೊಟ್ಟೆ ಇಡುತ್ತದೆ. ಕೆಲಸ ಚೊಕ್ಕಟ, ಆಯಸ್ಸು ಎರಡು-ಮೂರೇ ದಿನ.

ಇವೆರಡಕ್ಕಿಂತ ನಿಮ್ಮ ಕೈಯಲ್ಲಿ ಹೆಚ್ಚು ಕೆಲಸ ಮಾಡುವುದು ಬವೇರಿಯಾ ಬಾಸಿಯಾನ ಎಂಬ ಬಿಳಿ ಶಿಲೀಂಧ್ರ. ತೂತಿನ ಬಾಯಲ್ಲಿ ಬೆಳ್ಳಗೆ ಬೂಷ್ಟು ಬಂದು ಹುಳ ಸತ್ತಿರುವುದನ್ನು ಮಳೆಗಾಲದಲ್ಲಿ ಕಾಣಬಹುದು. ಹೊಡೆಯುವ ಸಮಯ ತಪ್ಪಿದರೆ ಮಾತ್ರ ಪೂರಾ ವ್ಯರ್ಥ. ಹೂವಾಗಿ ನಾಲ್ಕು ತಿಂಗಳ ಹೊತ್ತಿಗೆ, ಕಾಯಿಯೊಳಗಿನ ಬೀಜ ಗಟ್ಟಿಯಾಗತೊಡಗಿದಾಗ, ಹೀಗೆ ಪರೀಕ್ಷಿಸಿ. ತಾಕಿನಲ್ಲಿ ಅಡ್ಡಾಡಿ 50 ಗಿಡದಲ್ಲಿ ತಲಾ 20 ಕಾಯಿ ನೋಡಿ. 1000ಕ್ಕೆ ಎಷ್ಟು ಕೊರೆದಿವೆ ಎಂಬುದು ಸಿಗುತ್ತದೆ. 10 ಇದ್ದರೆ ಶೇ. 1. ಆಮೇಲೆ ಕೊರೆದ ಐವತ್ತು ಕಾಯಿ ಕಿತ್ತು ಬ್ಲೇಡಿನಲ್ಲಿ ಸೀಳಿ. ಹುಳ ಇನ್ನೂ ಸಿಪ್ಪೆಯಲ್ಲಿ, ತೂತಿನ ಬಾಯಲ್ಲೇ ಇದ್ದರೆ ಶಿಲೀಂಧ್ರ ತಾಗುತ್ತದೆ, ಅರ್ಧಕ್ಕಿಂತ ಹೆಚ್ಚು ಹಾಗಿದ್ದರೆ ಹೊಡೆಸಿ. ಬೀಜದೊಳಗೆ ಹೊಕ್ಕು ಮರಿ ಮಾಡಿದ್ದರೆ ಹೊಡೆಸಬೇಡಿ, ಕೊರೆದ ಕಾಯಿ ಕೀಳಿಸುವುದಕ್ಕೆ ಆ ಹಣ ಬಳಸಿ. ಪೊಟ್ಟಣದ ಮೇಲಿನ ಪ್ರಮಾಣ, ತಯಾರಾದ ತಿಂಗಳು ನೋಡಿ. ಸೆಕೆಯ ಅಂಗಡಿಯಲ್ಲಿ ವರ್ಷ ಕೂತ ಪುಡಿಯಲ್ಲಿ ಜೀವ ಇರುವುದಿಲ್ಲ. ಮೋಡ ಮುಚ್ಚಿದ ಸಂಜೆ, ಮಳೆ ಬಿಡುವು ಕೊಟ್ಟಾಗ ಗೊಂಚಲಿಗೆ ತಾಗುವಂತೆ ಹೊಡೆಸಿ. ಬೋರ್ಡೋಗೂ ಇದಕ್ಕೂ ಕನಿಷ್ಠ ಮೂರು ವಾರದ ಅಂತರ ಇರಲಿ, ಬೋರ್ಡೋ ಹೊಡೆದ ಡ್ರಮ್ಮು, ಪೈಪನ್ನು ಚೆನ್ನಾಗಿ ತೊಳೆಯದೆ ಬಳಸಬೇಡಿ.

ಹಕ್ಕಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೋಸ್ಟರಿಕಾದ ಕಾಫಿ ತೋಟಗಳಲ್ಲಿ ಗಿಡಗಳಿಗೆ ಹಕ್ಕಿ ಬಾರದಂತೆ ಬಲೆ ಕಟ್ಟಿ ಹೋಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹಕ್ಕಿ ಬರುವ ಗಿಡಗಳಲ್ಲಿ ಕಾಯಿ ಕೊರಕ ಸುಮಾರು ಅರ್ಧಕ್ಕೆ ಇಳಿದಿತ್ತು, ಸುತ್ತ ಕಾಡು ಇದ್ದ ಕಡೆ ಲಾಭ ಹೆಚ್ಚು. ಬಗೆಬಗೆಯ ಕಾಡುಮರದ ನೆರಳಿರುವ ನಮ್ಮ ತೋಟಗಳಿಗೆ ಇದು ಮುಖ್ಯವಾದ ಮಾತು. ಹಳೆಯ ಮರ ಕಡಿದು ಬರೀ ಸಿಲ್ವರ್ ಓಕ್ ನೆಟ್ಟಾಗ ಹೋಗುವುದು ನೆರಳೊಂದೇ ಅಲ್ಲ.

ಬಿಳಿ ಕಾಂಡ ಕೊರಕಕ್ಕೆ ನೆರಳೇ ಮೊದಲ ಮದ್ದು. 1860ರ ದಶಕದಲ್ಲಿ ಕೊಡಗು, ಮೈಸೂರು ಸೀಮೆಯ ತೋಟಗಳನ್ನು ಈ ಹುಳ ಹಾಳುಗೆಡವಿದಾಗ ತನಿಖೆ ಮಾಡಿದವರು ಬೊಟ್ಟು ಮಾಡಿದ್ದು ನೆರಳಿಲ್ಲದ ಬಟಾಬಯಲು ತೋಟಗಳ ಕಡೆಗೇ. ಹೆಣ್ಣು ಹುಳ ಬಿಸಿಲು ಬಿದ್ದ ಕಾಂಡವನ್ನು ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಹಾರಾಟ ವರ್ಷಕ್ಕೆ ಎರಡು ಸಲ: ಏಪ್ರಿಲ್-ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಮರಿಯನ್ನು ಹಿಡಿಯುವ ಅಪೆನೇಸಿಯದಂಥ ಕಣಜಗಳು ನಮ್ಮ ತೋಟಗಳಲ್ಲೇ ಇವೆ, ಮರಕುಟಿಗ ಅಲ್ಲೊಂದು ಇಲ್ಲೊಂದು ಮರಿ ಹೆಕ್ಕುತ್ತದೆ. ಹುಡಿ ಗಿಡಿದ ಸುರಂಗದ ಎದುರು ಅವುಗಳ ಬಲ ಸಾಲದು.

ಹಾಗಾಗಿ ಇಲ್ಲಿ ಕೆಲಸ ನಿಮ್ಮದೇ. ಮಾರ್ಚ್‌ನಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ, ಹಾರಾಟಕ್ಕೆ ಮುಂಚೆ, ಅರೇಬಿಕಾದ ಒಂದೊಂದು ಗಿಡವನ್ನೂ ನೋಡಿಸಿ. ಕಾಂಡದ ಮೇಲೆ ಏಣಿನಂತೆ ಉಬ್ಬಿದ ಗೆರೆಗಳು, ಹಳದಿ ತಿರುಗಿ ಬಾಡಿದ ಎಲೆ ಕಂಡರೆ ಗಿಡ ಕೀಳಿಸಿ ಸುಡಿ. ಕಾಂಡದ ಮೇಲ್ಭಾಗದಲ್ಲಷ್ಟೇ ಇದ್ದರೆ ಸುರಂಗ ಮುಗಿಯುವವರೆಗೆ ಕಡಿದು, ಕೆಳಗಿನಿಂದ ಚಿಗುರು ಬಿಡಿಸಬಹುದು. ಕಿತ್ತ ಗಿಡವನ್ನು ಆಳುಗಳ ಲೈನ್ ಮನೆಯ ಹಿಂದೆ ಸೌದೆಯೆಂದು ಪೇರಿಸಿಡುವುದು ದೊಡ್ಡ ತಪ್ಪು, ಅದರಿಂದಲೇ ಹುಳ ಎದ್ದು ತೋಟಕ್ಕೆ ಮರಳುತ್ತದೆ. ಸೌದೆಗೆ ಬೇಕೇ ಬೇಕಾದರೆ ಏಳರಿಂದ ಹತ್ತು ದಿನ ನೀರಿನಲ್ಲಿ ಮುಳುಗಿಸಿಟ್ಟು ತೆಗೆಯಿರಿ. ಕಾಂಡದ ಸಡಿಲ ತೊಗಟೆಯನ್ನು ತೆಂಗಿನ ಸಿಪ್ಪೆಯಲ್ಲೋ ನಾರಿನ ಕೈಗವಸಿನಲ್ಲೋ ಉಜ್ಜಿಸಿ, ಹಸಿರು ಭಾಗಕ್ಕೆ ಗಾಯವಾಗದಂತೆ. ಮೊಟ್ಟೆ ಇಡಲು ಬಿರುಕು ಸಿಗುವುದಿಲ್ಲ. ಆಮೇಲೆ ಶೇ. 10ರ ಸುಣ್ಣ: 200 ಲೀಟರ್ ನೀರಿಗೆ 20 ಕೆ.ಜಿ. ಸಿಂಪಡಣೆಯ ಸುಣ್ಣ, ಅಂಟಿಗೆ 100 ಮಿಲಿ ಫೆವಿಕಾಲ್ ಡಿಡಿಎಲ್. ಕಾಂಡಕ್ಕೂ ದಪ್ಪ ರೆಂಬೆಗಳ ಬುಡಕ್ಕೂ ತಾಗಬೇಕು, ಎಲೆಗೆ ಬೇಡ. ಏಪ್ರಿಲ್‌ಗೆ ಮುಂಚೆ ಮರಗಸಿ (ನೆರಳು ಮರದ ರೆಂಬೆ ಸವರುವುದು) ಮಾಡಿಸಿ ಬಿಸಿಲು ಇಳಿಸಬೇಡಿ. ರೊಬಸ್ಟಾಕ್ಕೆ ಈ ಕೊರಕದ ಕಾಟವಿಲ್ಲ, ಅಲ್ಲಿಗೆ ಸುಣ್ಣದ ಖರ್ಚೂ ಬೇಡ. ರೊಬಸ್ಟಾದಲ್ಲಿ ಎಳೆ ರೆಂಬೆಯ ಅಡಿಗೆ ಗುಂಡುಸೂಜಿ ಗಾತ್ರದ ತೂತಾಗಿ ತುದಿ ಒಣಗಿದ್ದರೆ ಅದು ಬೇರೆ, ರೆಂಬೆ ಕೊರಕ. ತೂತಿನಿಂದ ಎರಡು-ಮೂರು ಇಂಚು ಹಿಂದಕ್ಕೆ ಕತ್ತರಿಸಿ ಸುಟ್ಟರೆ ಆಯಿತು, ಸೆಪ್ಟೆಂಬರ್‌ನಿಂದ ಶುರುಮಾಡಿ.

ಕೊನೆಗೆ ಮೆಣಸಿನ ಬಳ್ಳಿ. ಮೆಣಸಿಗೆ ಹೊಡೆಯುವ ಕೀಟನಾಶಕ ಕೆಳಗಿನ ಕಾಫಿ ಗಿಡದ ಮೇಲೇ ಇಳಿಯುತ್ತದೆ. ಗುಲಗಂಜಿ ಹುಳ ಬಿಟ್ಟ ತಾಕಿನಲ್ಲಿ ಏಪ್ರಿಲ್ ಮುಗಿಯುವವರೆಗೆ ಮೆಣಸಿಗೂ ಕೀಟನಾಶಕ ಬೇಡವೆಂದು ಔಷಧಿ ಹೊಡೆಯುವವರಿಗೆ ಮುಂಚೆಯೇ ಹೇಳಿಡಿ, ಪಟ್ಟಿ ಕಟ್ಟಿದ ಗಿಡಗಳನ್ನು ತೋರಿಸಿಯೇ ಹೇಳಿ.